ಹದಿನೇಳನೇ ಮನೆಗೆ ನೀರು ಓದಿದವರು

ಫೆಬ್ರವರಿ 2

ಭಾವಮೈದನಿಗೆ,

ಕ್ಷೇಮಸಮಾಚಾರ ವಿಚಾರಿಸಲು ಬರೆದ ಕಾಗದವಲ್ಲ ಇದು. ಕಳೆದ ಅಕ್ಟೋಬರಿನಲ್ಲಿ ನಿನ್ನ ಅಕ್ಕ ತೀರಿಕೊಂಡಾಗ ತಂತಿ ಕೊಟ್ಟೆ, ನೀನು ಬರಲಿಲ್ಲ. ಅದನ್ನು ನಾನು ಮರೆತಿಲ್ಲ. ಮರೆಯುವ ಸ್ವಭಾವವೂ ನನ್ನದಲ್ಲ. ಆದರೂ ಬರೆಯಲು ಕೂತಿದ್ದೇನೆಂದರೆ ಕಾರಣ ಅಷ್ಟು ದೊಡ್ಡದಿದೆ ಎಂದು ತಿಳಿ.

ಇವತ್ತಿನ ಪತ್ರಿಕೆ ನೋಡಿ ಮೈ ಉರಿದುಹೋಯಿತು. ಜಲಮಂಡಳಿಯವರು ಜಲಾಶಯದ ದಂಡೆಯ ಮೇಲೆ ಕಂಚಿನ ಫಲಕ ಹಾಕಿಸುತ್ತಾರಂತೆ. ಒಕ್ಕಣೆ ಹೀಗಿದೆ: 'ಕೆಳಬೀದಿಯ ಮೂವತ್ತೊಂದು ಮನೆಗಳನ್ನು ಒಂದು ಜೀವಕ್ಕೂ ಅಪಾಯವಾಗದಂತೆ ನೀರಿಗೆ ಒಪ್ಪಿಸಿ ಇಂದಿಗೆ ಇಪ್ಪತ್ತೆರಡು ವರ್ಷ.' ಫಲಕದ ದಿನವೇ, ಮಾರ್ಚ್ ಇಪ್ಪತ್ತರಂದು, ಗಾಜುಗಾರರ ಬೀದಿಯನ್ನೂ ಮುಳುಗಿಸುವ ಬಗ್ಗೆ ಅಹವಾಲು ಕೇಳುತ್ತಾರೆ. ಪದ್ಧತಿ ಹಳೆಯದೇ. ಮನೆಗಳ ನಂಬರು ಅಚ್ಚು ಹಾಕಿಸುವುದು, ನೀರೋದುಗನೊಬ್ಬ ದಂಡೆಯ ಮೇಲೆ ನಿಂತು ಹಿತ್ತಾಳೆಯ ಕಹಳೆಯಲ್ಲಿ ಆ ಪಟ್ಟಿಯನ್ನು ನೀರಿಗೆ ಓದಿ ಹೇಳುವುದು, ಓದಿದ ಮನೆಗಳಿಗೆ ನೀರು ನುಗ್ಗುವುದು. ಈ ಊರಿನ ನೀರು ಓದಿದ್ದನ್ನು ಚಾಚೂ ತಪ್ಪದೆ ಮಾಡುತ್ತದೆ, ಮಂಡಳಿಯ ನೌಕರರ ಹಾಗಲ್ಲ. ಓದುವ ಮೊದಲು ಯಾರೂ ಹೋಗಿ ಒಂದು ಬಾಗಿಲನ್ನೂ ತಟ್ಟುವುದಿಲ್ಲ. ಪಟ್ಟಿಯಲ್ಲಿದ್ದರೆ ಮನೆ ಖಾಲಿ ಎಂದೇ ಅರ್ಥ.

ಕೆಳಬೀದಿಗೆ ಓದಿದವನು ನೀನು. ಓದಿದ ತಿಂಗಳೊಳಗೆ ಊರು ಬಿಟ್ಟವನೂ ನೀನೇ.

ಇನ್ನು ಕೇಳು. ನಿನ್ನ ಅಕ್ಕ ಇದ್ದಷ್ಟು ದಿನ ನಾನು ಅಡುಗೆಮನೆಗೆ ಕಾಲಿಟ್ಟವನಲ್ಲ. ಈಗ ಚಹಾ ನಾನೇ ಕಾಸಿಕೊಳ್ಳಬೇಕು. ಜಲಾಶಯ ತುಂಬಿದ ವರ್ಷ ಮಂಡಳಿಯವರು ಮನೆಮನೆಗೂ ಪುಕ್ಕಟೆ ಹಂಚಿದ ಸಿಳ್ಳೆಮುಚ್ಚಳ ಕೆಟಲಿನ ಮೇಲಿತ್ತು. ಅದನ್ನು ತೆಗೆದು ಪೆಟ್ಟಿಗೆಗೆ ಹಾಕಿದೆ. ಅದು ಸಿಳ್ಳೆ ಹಾಕಿದರೆ ಅವಳು ಒಳಗಿದ್ದಾಳೆ ಎನ್ನಿಸುತ್ತದೆ, ಎದ್ದು ಹೋಗಿ ನೋಡಿದರೆ ಇರುವುದಿಲ್ಲ. ಮುಚ್ಚಳ ತೆಗೆದ ದಿನದಿಂದ, ನೀರು ಕುದಿ ಬರುವ ಮುಂಚೆ, ಒಬ್ಬ ಹೆಂಗಸಿನ ದನಿ ಕೇಳುತ್ತಿದೆ. ನನ್ನ ಕಿವಿ ಮಂದವಾಗಿರಬಹುದು, ಬುದ್ಧಿ ಮಂದವಾಗಿಲ್ಲ. ದಿನವೂ ಒಂದೇ ಮಾತು. ಬಾಗಿಲಲ್ಲಿ ನಿಂತ ಅಧಿಕಾರಿಯ ಹತ್ತಿರ ಆಡುವ ಹಾಗೆ, ಸಿಟ್ಟಿಲ್ಲದೆ:

"ಇನ್ನೂ ಎಂಟು ದಿನ ಇದೆಯಲ್ಲ ಸ್ವಾಮಿ, ಇಷ್ಟು ಬೇಗ ಬಂದ್ಬಿಟ್ರಿ?"

ಕೆಳಬೀದಿಯವರು ಇವತ್ತಿಗೂ ಅಲ್ಲಿ ಇಲ್ಲಿ ಸಿಗುತ್ತಾರೆ. ಮೂವತ್ತು ಮನೆಯವರನ್ನು ಗುರುತು ಹಿಡಿಯಬಲ್ಲೆ. ಆಮೇಲೆ ಯಾರ ಕಣ್ಣಿಗೂ ಬೀಳದವರು ಹದಿನೇಳನೇ ಮನೆಯವರು ಮಾತ್ರ: ಕೈಗವಸು ಹೊಲಿಯುತ್ತಿದ್ದ ಹೆಂಗಸು, ಅವಳ ತುಂಬು ಬಸುರಿ ಮಗಳು. 'ಬೇರೆ ಊರಿಗೆ ಹೋದರು' ಎಂದು ಮಂಡಳಿ ಹೇಳಿತು, ನಾವು ನಂಬಿದೆವು. ಈಗ ನಂಬುವುದಿಲ್ಲ. ಅಂದು ನೀನು ಓದಿದ್ದೇನು, ನಿನಗೆ ತಿಳಿದಿದ್ದೇನು, ಎಲ್ಲವನ್ನೂ ಬರೆದು ಸಹಿ ಹಾಕಿ ಕಳಿಸು. ಅಹವಾಲಿನಲ್ಲಿ ಓದುತ್ತೇನೆ.

ನಿನ್ನ ಭಾವ


ಫೆಬ್ರವರಿ 11

ಭಾವನವರಿಗೆ ನಮಸ್ಕಾರ.

ಕಾಗದ ಬಂತು. ನೀವು ಬೈದು ಬರೆದದ್ದೇ ನನಗೆ ಖುಷಿ. ನೀವು ಬೈಯುತ್ತಿದ್ದೀರಿ ಎಂದರೆ ಆರೋಗ್ಯವಾಗಿದ್ದೀರಿ ಎಂದೇ ಅಕ್ಕ ಹೇಳುತ್ತಿದ್ದಳು.

ಇಲ್ಲಿ ಕಲ್ಲಿನ ಗಣಿಯಲ್ಲಿ ನನ್ನದು ತೂಕದ ಕೆಲಸ. ಕಣ್ಣು ಹಾಯಿಸಿದಷ್ಟೂ ದೂಳು. ನೀರು ವಾರಕ್ಕೊಮ್ಮೆ ರೈಲಿನ ತೊಟ್ಟಿಯಲ್ಲಿ ಬರುತ್ತದೆ. ಬೇರೆ ಯಾವುದೋ ನದಿಯದು, ಯಾರ ಮಾತನ್ನೂ ಕೇಳದ ನೀರು. ಪಾತ್ರೆಯನ್ನು ಮರಳಿನಲ್ಲಿ ಉಜ್ಜುತ್ತೇವೆ, ಮೈಯನ್ನೂ ಹೆಚ್ಚುಕಡಿಮೆ ಹಾಗೆಯೇ. ಇಲ್ಲಿಗೆ ಬಂದ ಹೊಸದರಲ್ಲಿ ಮೇಸ್ತ್ರಿ ಕೇಳಿದ್ದ, "ಇಷ್ಟು ಓದಿದೋನು ಈ ಒಣ ಕೊಂಪೆಗೆ ಯಾಕಯ್ಯ ಬಂದೆ?" "ಒಣಗಿದೆ ಅಂತಲೇ ಬಂದೆ" ಎಂದಿದ್ದೆ.

ಕೆಟಲಿನ ವಿಷಯ. ಅದು ಕೊಳವೆಯ ಸದ್ದು, ಭಾವ. ನೀರು ಮಾತಾಡುತ್ತದೆ ಎಂದು ಹೆಂಗಸರು ಗುಲ್ಲೆಬ್ಬಿಸಿದ ವರ್ಷ 'ಪಾತ್ರೆಗೂ ಬಾಯಿ ಬಂತೇ?' ಎಂದು ಪತ್ರಿಕೆಗೆ ಬರೆದು ಊರನ್ನೆಲ್ಲ ನಗಿಸಿದವರು ನೀವೇ ಅಲ್ಲವೇ? ಅಕ್ಕನ ಮುಚ್ಚಳವನ್ನು ಪೆಟ್ಟಿಗೆಯಿಂದ ತೆಗೆದು ಮತ್ತೆ ಕೆಟಲಿಗೆ ಹಾಕಿ. ದಯವಿಟ್ಟು ಹಾಕಿ.

ಹಳೆಯದನ್ನು ಕೆದಕಿ ಫಲವಿಲ್ಲ. ಗಾಜುಗಾರರ ಬೀದಿಗಾಗಿ ಬೇರೆ ಯಾವುದಾದರೂ ವಾದ ಹುಡುಕಿ, ನಿಮಗೆ ವಾದಕ್ಕೇನು ಬರಗಾಲ?

ನಿಮ್ಮ ಭಾವಮೈದ


ಫೆಬ್ರವರಿ 16

ಭಾವಮೈದನಿಗೆ,

ವಿನೋದ ಬೇಡ. ಇಪ್ಪತ್ತೆರಡು ವರ್ಷದ ಹಿಂದೆ ನಾನು ಪತ್ರಿಕೆಗೆ ಬರೆದದ್ದು ನಿನಗೆ ನೆನಪಿದೆ, ನೀನು ಬಾಯಾರೆ ಓದಿದ್ದು ನೆನಪಿಲ್ಲವೇ?

ನಿನ್ನ ಕಾಗದ ಬಂದ ದಿನವೇ ಮಂಡಳಿಯ ಕಚೇರಿಗೆ ಹೋದೆ. ಉಗಿಯ ಲಿಫ್ಟು ಕೆಟ್ಟಿತ್ತು, ನಾಲ್ಕು ಮಹಡಿ ಹತ್ತಿದೆ. ಅಲ್ಲಿನ ಎಂಜಿನಿಯರು ನಿನ್ನ ವಯಸ್ಸಿನವನು, ಮೀಸೆಗೆ ಎಣ್ಣೆ ಹಚ್ಚಿದ್ದ. "ತಾತಾ, ಓದುಗ ಪಟ್ಟಿ ಓದ್ತಾನೆ, ನೀರು ಕೆಲಸ ಮಾಡುತ್ತೆ, ನಾವು ಮಧ್ಯೆ ಕೈ ಹಾಕಲ್ಲ. ತಪ್ಪಿದ್ರೆ ಓದಿದವನದು" ಎಂದ. ನನ್ನನ್ನು ತಾತ ಎಂದದ್ದಕ್ಕೆ ಬೇರೆ ಉತ್ತರ ಕೊಟ್ಟೆ, ಅದು ಇಲ್ಲಿ ಬೇಡ. ಆದರೆ ಮಾತು ಸರಿಯಾಗಿದೆ. ಓದಿದವನು ನೀನು.

ನನಗೆ ಅನ್ನಿಸುವುದು ಇಷ್ಟು: ಪಟ್ಟಿಯಲ್ಲಿ ಇಲ್ಲದ ನಂಬರನ್ನು ಅಂದು ಬಾಯಿತಪ್ಪಿ ಓದಿದೆ. ಯಾರಿಗೂ ಹೇಳದೆ ಓಡಿಹೋದೆ. ನಿನ್ನ ಅಕ್ಕನ ಮುಖ ನೋಡಲು ಧೈರ್ಯವಾಗದೆ ಅವಳ ಸಾವಿಗೂ ಬರಲಿಲ್ಲ. ಅಲ್ಲ ಎನ್ನುವುದಾದರೆ ಅಲ್ಲ ಎಂದು ಬರೆ.

ಇವತ್ತು ಬೆಳಗ್ಗೆ ಆ ದನಿ ಎರಡು ಸಲ ಕೇಳಿಸಿತು. ನೀರು ಕುದಿದು ಇಂಗಿ ಕೆಟಲಿನ ತಳ ಕಂಡರೂ ನಾನು ಅಲ್ಲೇ ನಿಂತಿದ್ದೆ.

ಭಾವ


ಫೆಬ್ರವರಿ 25

ಭಾವನವರಿಗೆ,

ನೀವು ಬರೆದದ್ದೇ ನಿಜ. ಹದಿನೇಳನೇ ಮನೆಯನ್ನು ಓದಿದವನು ನಾನು. ತಪ್ಪು ನನ್ನದು. ಸಹಿ ಮಾಡಿದ ಹೇಳಿಕೆ ಇದರ ಜೊತೆಗಿದೆ. ಅಹವಾಲಿನಲ್ಲಿ ಓದಿ, ಪತ್ರಿಕೆಗೂ ಕೊಡಿ. ಶಿಕ್ಷೆಗೆ ಸಿದ್ಧನಿದ್ದೇನೆ.

ಇದಕ್ಕಿಂತ ಹೆಚ್ಚು ಹುಡುಕಬೇಕಾದ ಅಗತ್ಯವಿಲ್ಲ. ಅಂದಿನ ಕಾಗದಪತ್ರ ಯಾವುದೂ ಉಳಿದಿಲ್ಲ.

ನಿಮ್ಮ ಭಾವಮೈದ


ಮಾರ್ಚ್ 1

ನಿನ್ನನ್ನು ಏನೆಂದು ಕರೆಯಬೇಕೋ ತೋಚುತ್ತಿಲ್ಲ.

ಹೇಳಿಕೆ ತಲುಪಿತು. ಬಯಸಿದ್ದೇ ಕೈಗೆ ಬಂದಿದೆ, ಆದರೆ ಓದಿದ ಮೇಲೆ ಊಟ ಸೇರಲಿಲ್ಲ. ಮದುವೆಯ ದಿನ ನನ್ನ ಹೊಸ ಚಪ್ಪಲಿ ಬಚ್ಚಿಟ್ಟು ಮುಖ ಊದಿಸಿಕೊಂಡು ಕೂತಿದ್ದ ಪುಟ್ಟ ಹುಡುಗ ನೀನು. ಆ ಹುಡುಗ ಮೂರು ಜೀವ ತೆಗೆದ ಎಂದು ನೂರು ಜನರ ಮುಂದೆ ಓದಬೇಕು. ಓದುತ್ತೇನೆ. ಸತ್ಯಕ್ಕೆ ಭಾವ ಭಾವಮೈದ ಎಂದಿಲ್ಲ.

ಆದರೆ ಒಂದು ಮಾತು ಒಪ್ಪಲಾರೆ. ಕಾಗದಪತ್ರ ಉಳಿದಿಲ್ಲ ಎಂದೆಯಲ್ಲ, ಅದು ತಪ್ಪು. ಆ ಪಟ್ಟಿ ಅಚ್ಚಾದದ್ದು ನಾನು ಮೂವತ್ತಾರು ವರ್ಷ ಕರಡು ತಿದ್ದಿದ ಮುದ್ರಣಾಲಯದಲ್ಲಿ. ಅಚ್ಚಾದ ಪ್ರತಿಯೊಂದಕ್ಕೂ ಮೂಲಪ್ರತಿ, ಕರಡು ಎರಡನ್ನೂ ಕಟ್ಟಿ ಅಟ್ಟದ ಮೇಲೆ ಇಡುವ ಕ್ರಮ ಮಾಡಿದವನೇ ನಾನು. ಅಚ್ಚಾದ ಪಟ್ಟಿಯಲ್ಲಿ ಹದಿನೇಳು ಇರಲಿಲ್ಲ, ನೀನು ಓದಿದೆ ಎಂದು ತೋರಿಸಿದರೆ ಮಂಡಳಿಯ ಬಾಯಿ ಮುಚ್ಚುತ್ತದೆ. ಐದನೇ ತಾರೀಕು ಹೋಗಿ ಕಟ್ಟು ಬಿಚ್ಚಿಸುತ್ತೇನೆ.

ನಿನ್ನ ಅಕ್ಕ ಇದನ್ನೆಲ್ಲ ಕೇಳುವ ಮುಂಚೆ ಹೋದಳು, ಒಳ್ಳೆಯದೇ ಆಯಿತು.


ತಂತಿ. ಮಾರ್ಚ್ 5

ಮುದ್ರಣಾಲಯಕ್ಕೆ ಹೋಗಬೇಡಿ. ನನ್ನ ಹೇಳಿಕೆ ಸಾಕು. ಕೈ ಮುಗಿಯುತ್ತೇನೆ. ಹೋಗಬೇಡಿ.


ಮಾರ್ಚ್ 6

ಮಗು,

ನಿನ್ನ ತಂತಿ ಬಂದಾಗ ನಾನು ಅಟ್ಟದ ಮೇಲಿದ್ದೆ.

ಅಚ್ಚಿನ ಮೊಳೆ ಜೋಡಿಸುವ ಸೀಸದ ತಾತ ಇನ್ನೂ ಅಲ್ಲೇ ಇದ್ದಾನೆ. ಉಗಿಯಂತ್ರ ಬಂದರೂ ಅವನನ್ನು ತೆಗೆಯಲು ಯಾರಿಗೂ ಧೈರ್ಯವಿಲ್ಲ. ಕೆಳಬೀದಿಯ ಕಟ್ಟು ಬೇಕು ಎಂದೆ. ಅವನು ಕೈ ಒರೆಸಿಕೊಳ್ಳುತ್ತಾ ನಿಂತ. ಬಹಳ ಹೊತ್ತು ಒರೆಸಿಕೊಂಡ.

"ಪಂಡಿತ್ರೇ, ಅದನ್ನ ನೋಡಲೇಬೇಕಾ?"

"ಯಾಕೆ, ಇಲಿ ತಿಂದಿದೆಯಾ?"

"ತಿಂದಿದ್ರೆ ಚೆನ್ನಾಗಿತ್ತು. ನಿಮ್ಮ ಭಾವಮೈದ ಒಂದು ಸಲ ನೋಡ್ಕೊಂಡು ಹೋದ. ಆಮೇಲೆ ಅವನ ಮುಖ ಈ ಊರಲ್ಲಿ ಕಾಣಲಿಲ್ಲ."

ಬಿಚ್ಚಿಸಿದೆ. ಮಂಡಳಿಯಿಂದ ಬಂದ ಮೂಲಪ್ರತಿಯಲ್ಲಿ ಹದಿನಾರು ಇದೆ, ಅದಾದ ಮೇಲೆ ಹದಿನೆಂಟು. ಮೊದಲ ಕರಡಿನಲ್ಲೂ ಹಾಗೇ ಇದೆ. ಎರಡರ ನಡುವೆ ನೀಲಿ ಪೆನ್ಸಿಲಿನ ಗೆರೆ ಹೊರಗೆ ಎಳೆದು ಅಂಚಿನಲ್ಲಿ ಬರೆದಿದೆ: 'ಹದಿನೇಳು ಬಿಟ್ಟುಹೋಗಿದೆ, ಸೇರಿಸಿ. ಇಂಥ ಅಜಾಗರೂಕತೆ ಇನ್ನು ಮೇಲೆ ಸಲ್ಲದು.' ಸಲ್ಲದು ಎಂಬುದರ ಕೆಳಗೆ ಎರಡು ಗೆರೆ.

ಆ ಅಕ್ಷರ ಯಾರದೆಂದು ನಿನಗೆ ಹೇಳಬೇಕಿಲ್ಲ. ನಿನಗೆ ಅಕ್ಷರ ಕಲಿಸಿದ ಕೈ ಅದು.

ಮೂಲಪ್ರತಿಯ ಹಾಳೆಯನ್ನು ತಿರುಗಿಸಿದೆ. ಹಿಂದೆ ಒಂದು ಚೀಟಿ ಅಂಟಿಸಿದ್ದರು: 'ಮನೆ ಹದಿನೇಳರಲ್ಲಿ ಬಾಣಂತಿ ಇರುವುದರಿಂದ ಎಂಟು ದಿನ ಕಾಲಾವಕಾಶ.' ಅಂದು ನಾನು ಹಾಳೆ ತಿರುಗಿಸಿರಲಿಲ್ಲ. ಹದಿನಾರಾದ ಮೇಲೆ ಹದಿನೇಳು ಬರಬೇಕು. ಅದಕ್ಕೆ ಹಾಳೆ ಏಕೆ ತಿರುಗಿಸಬೇಕು?

ಆ ಸಂಜೆ ನಿನ್ನ ಅಕ್ಕನಿಗೆ ಹೇಳಿದ್ದು ಚೆನ್ನಾಗಿ ನೆನಪಿದೆ. "ಮಂಡಳಿಯವರಿಗೆ ಎಣಿಸೋಕೂ ಬರಲ್ಲ ಕಣೇ, ಇಡೀ ಒಂದು ಮನೆಯನ್ನೇ ನುಂಗಿಬಿಟ್ಟಿದ್ದರು, ನಾನು ಹಿಡಿದೆ" ಎಂದಿದ್ದೆ. ಅವಳು ನಕ್ಕಿದ್ದಳು.

ಅವಳಿಗೆ ಗೊತ್ತಿತ್ತೇ? ಇದೊಂದಕ್ಕೆ ಉತ್ತರ ಕೊಡು.

ಭಾವ


ಮಾರ್ಚ್ 12

ಭಾವ,

ಗೊತ್ತಿತ್ತು.

ಓದು ಮುಗಿದ ಮೂರನೇ ದಿನ ಮುದ್ರಣಾಲಯಕ್ಕೆ ಹೋಗಿ ನೋಡಿದೆ, ನೇರ ಅಕ್ಕನ ಹತ್ತಿರ ಬಂದೆ. ನೀವು ಕೆಲಸಕ್ಕೆ ಹೋಗಿದ್ದಿರಿ. ಅವಳು ಬಟ್ಟೆ ಮಡಚುತ್ತಿದ್ದಳು. ಎಲ್ಲವನ್ನೂ ಕೇಳಿ, ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು. "ನಿಮ್ಮ ಭಾವ ಇದನ್ನ ತಡ್ಕೊಳಲ್ಲ ಕಣೋ. ಬೇರೆಯವರ ತಪ್ಪು ತಿದ್ದೋದರಲ್ಲೇ ಅವರ ಉಸಿರಿದೆ. ನೀನು ಎಲ್ಲಿಗಾದ್ರೂ ಹೋಗು. ನಾನಿರ್ತೀನಿ" ಎಂದಳು. ಆಣೆ ಹಾಕಿಸಿಕೊಂಡಳು.

ನಾನು ತಪ್ಪಿಲ್ಲದವನು ಎಂದುಕೊಳ್ಳಬೇಡಿ. ನನ್ನ ಹೇಳಿಕೆ ಪೂರ್ತಿ ಸುಳ್ಳಲ್ಲ. ಓದಿನ ಹಿಂದಿನ ವಾರ ಕೆಳಬೀದಿಯಲ್ಲಿ ನಡೆದು ಹೋಗುವಾಗ ಆ ಹೆಂಗಸು ಕಿಟಕಿಯಿಂದ ಕೂಗಿ ಹೇಳಿದ್ದಳು, "ನೀರು ಓದೋ ಸ್ವಾಮಿ, ನಮ್ಮದು ಎಂಟು ದಿನ ಮುಂದಕ್ಕೆ ಹೋಗಿದೆ, ಗೊತ್ತಲ್ಲ? ನಿಮ್ಮ ಕಹಳೆಗೂ ಹೇಳಿಡಿ!" ನಗುತ್ತಾ ಹೇಳಿದ್ದಳು. ದಂಡೆಯ ಮೇಲೆ ಹದಿನಾರು ಓದಿದೆ. ಮುಂದೆ ಅಚ್ಚಿನಲ್ಲಿ ಹದಿನೇಳು ಕಂಡಿತು. ಅವಳ ಮಾತು ನೆನಪಾಯಿತು. ಓದನ್ನು ನಡುವೆ ನಿಲ್ಲಿಸಿದರೆ ನೀರು ಇಡೀ ಊರಿಗೆ ನುಗ್ಗುತ್ತದೆ, ನಿಜ. ಆದರೆ ಒಂದು ನಂಬರು ಬಿಟ್ಟು ಮುಂದಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ಹಾಳೆಯ ಕೆಳಗೆ ಕರಡು ನೋಡಿದವರ ಗುರುತಿತ್ತು. ನಮ್ಮ ಭಾವನ ಕಣ್ಣು ತಪ್ಪುವುದಿಲ್ಲ, ನನ್ನ ನೆನಪೇ ತಪ್ಪಿರಬೇಕು ಎಂದುಕೊಂಡು ಓದಿಬಿಟ್ಟೆ.

ಅಕ್ಕ ಕಾಗದ ಬರೆಯುತ್ತಿದ್ದಳು, ವರ್ಷಕ್ಕೊಂದು, ನಿಮಗೆ ತಿಳಿಯದ ಹಾಗೆ. ಪ್ರತಿ ಬೆಳಗ್ಗೆ ನೀವು ಏಳುವ ಮೊದಲು ಮುಚ್ಚಳ ತೆಗೆದಿಟ್ಟು ಕೆಟಲಿನ ಮುಂದೆ ಕೂರುತ್ತಿದ್ದಳಂತೆ. ಆ ದನಿ ಕೇಳಿದಾಗ "ಹೌದಮ್ಮ, ಇತ್ತು" ಎನ್ನುತ್ತಿದ್ದಳಂತೆ. ಆಮೇಲೆ ಮುಚ್ಚಳ ಹಾಕಿ, ಅದು ಸಿಳ್ಳೆ ಹೊಡೆದ ಮೇಲೆ ನಿಮ್ಮನ್ನು ಎಬ್ಬಿಸುತ್ತಿದ್ದಳು. ಇಪ್ಪತ್ತೆರಡು ವರ್ಷ.

ಅವಳ ಸಾವಿಗೆ ನಾನು ಬಾರದಿದ್ದದ್ದು ನಿಮ್ಮನ್ನು ನೋಡಿದರೆ ಬಾಯಿ ಬಿಡುತ್ತೇನೆಂಬ ಹೆದರಿಕೆಯಿಂದ.

ಅಹವಾಲಿಗೆ ನನ್ನ ಹೇಳಿಕೆಯನ್ನೇ ಒಯ್ಯಿರಿ. ನೀವು ಅರವತ್ತೆಂಟರವರು. ನನಗೆ ಹೆಂಡತಿ ಮಕ್ಕಳಿಲ್ಲ. ಯಾರಿಗೂ ನಷ್ಟವಿಲ್ಲ.

ನಿಮ್ಮ ಪುಟ್ಟ


ಮಾರ್ಚ್ 21

ಪುಟ್ಟ,

ನಿನ್ನ ಹೇಳಿಕೆಯನ್ನು ಒಲೆಗೆ ಹಾಕಿದೆ. ಕರಡನ್ನು ಒಯ್ದೆ.

ಸಭಾಂಗಣ ತುಂಬಿತ್ತು. ಗಾಜುಗಾರರೆಲ್ಲ ಕೆಲಸ ಬಿಟ್ಟು ಬಂದಿದ್ದರು, ಹಿಂದಿನ ಸಾಲಿನಲ್ಲಿ ನಿಂತೇ ಇದ್ದರು. ವಿಚಾರಣಾಧಿಕಾರಿ ಕಟ್ಟುನಿಟ್ಟಿನ ಹೆಂಗಸು, ಯಾರ ಮಾತನ್ನೂ ಎರಡು ನಿಮಿಷಕ್ಕಿಂತ ಹೆಚ್ಚು ಕೇಳುವವಳಲ್ಲ. ನನ್ನ ಸರದಿ ಬಂತು.

"ನಿಮ್ಮ ಆಪಾದನೆ ಯಾರ ಮೇಲೆ?"

"ಕರಡು ತಿದ್ದಿದವನ ಮೇಲೆ."

"ಅವರು ಬದುಕಿದ್ದಾರಾ?"

"ನಿಮ್ಮ ಮುಂದೆ ನಿಂತಿದ್ದಾನೆ, ತಾಯಿ."

ಕೂತಿದ್ದವರು ನಕ್ಕರು, ನಾನೇನೋ ಚಮತ್ಕಾರ ಮಾಡಿದೆ ಎಂದುಕೊಂಡು. ಹಾಳೆಗಳನ್ನು ಮೇಜಿನ ಮೇಲೆ ಹರಡಿದ ಮೇಲೆ ನಗು ನಿಂತಿತು. ಮೀಸೆಯ ಎಂಜಿನಿಯರು ಎದ್ದು, "ಹಳೇ ಕಾಗದಕ್ಕೆ ಯಾರು ಬೇಕಾದ್ರೂ ನೀಲಿ ಗೆರೆ ಎಳೀಬಹುದು. ಆ ಮನೇಲಿ ಜನ ಇದ್ದರು ಅನ್ನೋದಕ್ಕೆ ಪುರಾವೆ ಎಲ್ಲಿದೆ?" ಎಂದ. "ನೀರಿನೊಳಗೆ" ಎಂದೆ. "ತೆಗೆದು ತೋರಿಸಿ" ಎಂದ.

ಅಧಿಕಾರಿ ತಿಂಗಳ ಕೊನೆಯ ತನಕ ಗಡುವು ಕೊಟ್ಟಿದ್ದಾಳೆ. ಅದರೊಳಗೆ ತೋರಿಸದಿದ್ದರೆ ಗಾಜುಗಾರರ ಬೀದಿಯನ್ನು ಹಳೆಯ ಕ್ರಮದಂತೆಯೇ ಓದುತ್ತಾರೆ. ಆ ಬೀದಿಯಲ್ಲಿ ನಲವತ್ತೆರಡು ಮನೆ, ಒಂದರಲ್ಲಿ ಮಂಚ ಬಿಟ್ಟೇಳಲಾರದ ಮುದುಕನಿದ್ದಾನೆ. ನಾನು ಹೋಗಿ ನೋಡಿ ಬಂದೆ.

ಪುಸ್ತಕ ಅಚ್ಚಾದ ಮೇಲೆ ತಪ್ಪು ಕಂಡರೆ ಏನು ಮಾಡುತ್ತೇವೆ? ಕೊನೆಯ ಪುಟದಲ್ಲಿ ತಪ್ಪು-ಒಪ್ಪು ಹಾಕುತ್ತೇವೆ. ಈ ಊರಿನ ನೀರಿಗೆ ಯಾರೂ ಎಂದೂ ತಪ್ಪು-ಒಪ್ಪು ಓದಿದ್ದಿಲ್ಲ, ಏಕೆಂದರೆ ಮಂಡಳಿ ಎಂದೂ ತಪ್ಪು ಮಾಡಿದ್ದಿಲ್ಲ! ನಾನು ಸೀಸದ ತಾತನ ಜೊತೆ ಕೂತು ಒಂದು ಸಾಲು ಅಚ್ಚು ಹಾಕಿಸಿದ್ದೇನೆ. ಓದಲು ಪರವಾನಗಿ ಇರುವ ಗಂಟಲು ಬೇಕು. ನಿನ್ನದನ್ನು ಯಾರೂ ರದ್ದು ಮಾಡಿಲ್ಲ. ಹಾಜರಿ ಪುಸ್ತಕದ ಪ್ರಕಾರ ನೀನು ಇಪ್ಪತ್ತೆರಡು ವರ್ಷದಿಂದ ರಜೆಯಲ್ಲಿದ್ದೀಯ.

ಬಾ. ನನಗಾಗಿ ಅಲ್ಲ.

ಭಾವ


ತಂತಿ. ಮಾರ್ಚ್ 25

ಹೊರಟಿದ್ದೇನೆ. ಹಾಳೆಯನ್ನು ಎರಡು ಸಲ ನೋಡಿ.


ಏಪ್ರಿಲ್ 3

ಪುಟ್ಟ,

ನೀನು ಓದಿ ಮುಗಿಸಿ ಕಹಳೆಯನ್ನು ಕೆಳಗಿಟ್ಟವನು ತಿರುಗಿ ನೋಡದೆ ಸ್ಟೇಷನ್ನಿನ ದಾರಿ ಹಿಡಿದೆ. ನಾನು ತಡೆಯಲಿಲ್ಲ. ನೋಡಲಾರದವನು ನೋಡಬೇಕಾಗಿಲ್ಲ, ನಾನು ಬರೆಯುತ್ತೇನೆ.

'ಹದಿನೇಳನೇ ಮನೆಯನ್ನು ಬಿಟ್ಟು ಓದಿಕೊಳ್ಳುವುದು.' ನಿನ್ನ ದನಿ ನೀರಿನ ಮೇಲೆ ಹೋಯಿತು. ಮೊದಲು ಏನೂ ಆಗಲಿಲ್ಲ. ಎಂಜಿನಿಯರು ಜೇಬಿನ ಗಡಿಯಾರ ತೆಗೆದು ನೋಡಿದ. ಆಮೇಲೆ ಜಲಾಶಯದ ನಡುವೆ ಒಂದು ಕಡೆ ನೀರು ತಗ್ಗಿತು, ಯಾರೋ ಮೆಲ್ಲಗೆ ಬಟ್ಟೆ ಸರಿಸಿದಂತೆ ನಾಲ್ಕೂ ದಿಕ್ಕಿಗೆ ಸರಿದು ಗೋಡೆಯಾಗಿ ನಿಂತಿತು. ಮೊದಲು ಹೊಗೆಗೂಡು ಕಂಡಿತು, ಆಮೇಲೆ ಹೆಂಚು, ಕಿಟಕಿ, ಬಾಗಿಲು. ಸುತ್ತ ಮೂವತ್ತು ಮನೆಗಳು ಹಸಿರು ನೀರಿನೊಳಗೆ ಹಾಗೇ ಇದ್ದವು. ನೀರು ನಿನ್ನ ಮಾತನ್ನು ಕೇಳಿತು, ಪುಟ್ಟ. ಅದಕ್ಕೆ ಯಾರ ಮೇಲೂ ಹಗೆಯಿಲ್ಲ.

ದೋಣಿಯಲ್ಲಿ ಹೋಗಿ ಏಣಿ ಇಳಿದವರು ಮೂವರು: ಅಧಿಕಾರಿ, ಸೀಸದ ತಾತ, ನಾನು. ಮಂಡಳಿಯವರು ಒಬ್ಬರೂ ಬರಲಿಲ್ಲ. ಬಾಗಿಲು ತೆರೆದಿತ್ತು. ಮುರಿದದ್ದಲ್ಲ, ಅಗುಳಿ ತೆಗೆದು ಒಳಗಿನಿಂದ ತೆರೆದದ್ದು. ಯಾರೋ ಬಂದಿದ್ದಾರೆ ಎಂದು ಆ ಗವಸಿನ ಹೆಂಗಸು ತೆರೆದಿದ್ದಳು. ಅವಳು ಹೊಸ್ತಿಲ ಹತ್ತಿರವೇ ಇದ್ದಳು.

ಗವಸು ಹೊಲಿಯುವವರು ಅಚ್ಚಿಗೆ ಇಟ್ಟುಕೊಳ್ಳುವ ಮರದ ಕೈಗಳಿರುತ್ತವಲ್ಲ, ಅವು ನೀರಿನಲ್ಲಿ ತೇಲಿ ನೀರಿಳಿದಾಗ ನೆಲದ ತುಂಬ ಬಿದ್ದಿದ್ದವು. ಕಾಲಿಡಲು ಜಾಗವಿರಲಿಲ್ಲ. ತಾತ ಒಂದೊಂದನ್ನೇ ಎತ್ತಿ ಗೋಡೆಗೆ ಒರಗಿಸಿ ದಾರಿ ಮಾಡಿದ. ಮಗಳು ಮಹಡಿಯ ಮೇಲೆ, ಕುರ್ಚಿಯ ಪಕ್ಕದಲ್ಲಿ. ಕುರ್ಚಿಯನ್ನು ಮಂಚದ ಮೇಲೆ ಹಾಕಿದ್ದಳು. ಕುರ್ಚಿಯಿಂದ ಕೈಗೆ ಎಟಕುವುದು ಕಪಾಟಿನ ನೆತ್ತಿ, ಅಲ್ಲೊಂದು ಟೋಪಿಯ ಪೆಟ್ಟಿಗೆ. ಇಡೀ ಮನೆಯಲ್ಲಿ ಅದಕ್ಕಿಂತ ಎತ್ತರದ ಜಾಗವಿರಲಿಲ್ಲ. ಪೆಟ್ಟಿಗೆಯನ್ನು ಅಧಿಕಾರಿಯೇ ಇಳಿಸಿದಳು. ಏಣಿ ಹತ್ತುವಾಗಲೂ ಬೇರೆಯವರ ಕೈಗೆ ಕೊಡಲಿಲ್ಲ.

ಗಾಜುಗಾರರ ಬೀದಿಯ ಓದು ನಿಂತಿದೆ. ಎಷ್ಟು ದಿನಕ್ಕೋ ತಿಳಿಯದು, ಮಂಡಳಿ ಮೇಲ್ಮನವಿ ಹಾಕಿದೆ. ನನ್ನ ಮೇಲೆ ವಿಚಾರಣೆ ಮೇ ತಿಂಗಳಲ್ಲಿ. ವಕೀಲರು ಬೇಡ ಎಂದಿದ್ದೇನೆ. ಬೀದಿಯಲ್ಲಿ ಕೆಲವರು ನನ್ನನ್ನು ಕಂಡು ಆಚೆ ಬದಿಗೆ ದಾಟಿಕೊಳ್ಳುತ್ತಾರೆ. ದಾಟಲಿ.

ನಿನ್ನೆ ಮಧ್ಯಾಹ್ನ ಮೂವರನ್ನೂ ಮಣ್ಣು ಮಾಡಿದೆವು. ಸ್ಮಶಾನದ ಕಚೇರಿಯಲ್ಲಿ ಹೆಸರು ದಾಖಲಿಸಬೇಕು. ಅಜ್ಜಿಯದು, ಮಗಳದು ಹಳೆಯ ಬಾಡಿಗೆ ಚೀಟಿಯಲ್ಲಿ ಸಿಕ್ಕಿತು. ಮೂರನೆಯ ಸಾಲಿಗೆ ಬಂದಾಗ ಗುಮಾಸ್ತ ಪೆನ್ನು ಎತ್ತಿದ.

"ಮಗುವಿನ ಹೆಸರು?"

"ಗೊತ್ತಿಲ್ಲ. ಇಟ್ಟಿದ್ದರೋ ಇಲ್ಲವೋ."

"ಏನಾದ್ರೂ ಒಂದು ಹೇಳಿ ಸಾರ್, ನೋಡೋಕೆ ಚೆನ್ನಾಗಿರುತ್ತೆ. ನೀವು ಓದಿದವರು, ನಿಮಗೊಂದು ಹೆಸರು ಹೊಳೆಯಲ್ವಾ?" ಪೆನ್ನನ್ನು ನನ್ನ ಕಡೆ ತಿರುಗಿಸಿ ಚಾಚಿದ.

ನಾನು ತೆಗೆದುಕೊಳ್ಳಲಿಲ್ಲ. "ಖಾಲಿ ಬಿಡಪ್ಪ" ಎಂದೆ.

"ಖಾಲಿ ಬಿಟ್ರೆ ಮುಂದೆ ಯಾರಾದ್ರೂ ನೋಡಿ, ಇಲ್ಲೇನೋ ಬಿಟ್ಟುಹೋಗಿದೆ ಅಂತಾರೆ."

"ಹಾಗಂದರೆ, ತುಂಬಿಸೋ ಮುಂಚೆ ಅವರನ್ನ ನನ್ನ ಹತ್ತಿರ ಕಳಿಸು" ಎಂದು ಮನೆಯ ವಿಳಾಸ ಬರೆಸಿ ಬಂದಿದ್ದೇನೆ.

ನಿನ್ನ ಭಾವ